ಕುಂತು ಕೆಲಸ ಮಾಡವರು ವ್ಯಾಯಾಮ ಶುರು ಮಾಡೂದು ಹೆಂಗ? ರೊಟ್ಟಿ ಊಟ ಬಿಡಬೇಕೇನು?

ಸಾಧನಕೇರಿ_ಸಂಜೆ
ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ್ರಿ. ವಿವರ ಮೊದಲ ಕೊಡ್ತೀನಿ: ವಯಸ್ಸು 46, ಎತ್ತರ 168 ಸೆಂ.ಮೀ., ತೂಕ 82 ಕೆ.ಜಿ., ಸೊಂಟದ ಸುತ್ತಳತಿ 101 ಸೆಂ.ಮೀ. ಬಿ.ಪಿ. ಗುಳಿಗಿ ದಿನಾ ಒಂದು, ಶುಗರ್ ಇಲ್ಲ. ದಿನಕ್ಕ ಒಂಬತ್ತು ತಾಸು ಕುರ್ಚಿ. ಡಾಕ್ಟರು ಇಸಿಜಿ ನೋಡಿ ನಡೀಲಿಕ್ಕೆ ಅಡ್ಡಿ ಇಲ್ಲ ಅಂದಾರ.

ಕೇಳೂದು ಮೂರ. ದಿನಕ್ಕ ಎಷ್ಟರಿಂದ ಶುರು ಮಾಡಬೇಕು? ಒಂದೇ ಸಲಕ್ಕ ನೃಪತುಂಗ ಬೆಟ್ಟ ಹತ್ತಿದ್ರ ನಡೀತದೇನು? ಜೋಳದ ರೊಟ್ಟಿ, ಎಣ್ಣಿಗಾಯಿ, ಅನ್ನ ಬಿಟ್ಟು ಓಟ್ಸ್ ತಿನ್ನಬೇಕು ಅಂತಾರಲ್ಲ, ಅದು ಖರೇನ?

ಧಾರವಾಡ_ಫಿಸಿಯೋ
ಸೋಮವಾರ, ರಾತ್ರಿ 10:05

ಸರ್, ಬೆಟ್ಟ ಈಗ ಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ನಡಿಗೆಯ ಲೆಕ್ಕ ನೋಡೋಣ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. 150 ನಿಮಿಷ ಅಂದ್ರೆ ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ. ಇದು ಎಂಟನೇ ವಾರಕ್ಕೆ ಮುಟ್ಟಬೇಕಾದ ಗುರಿ. ಮೊದಲ ದಿನವೇ ಅಲ್ಲಿಂದ ಶುರು ಮಾಡಿದವರು ಮೂರನೇ ವಾರಕ್ಕೆ ಹಿಮ್ಮಡಿ ನೋವು, ಮೊಣಕಾಲು ನೋವು ಅಂತ ನಿಲ್ಲಿಸಿಬಿಡ್ತಾರೆ. ಕಾರಣ ಇಷ್ಟೇ: ಹೃದಯ, ಪುಪ್ಪುಸ ಎರಡು ಮೂರು ವಾರದಲ್ಲೇ ಹೊಂದಿಕೊಳ್ತವೆ, ದಮ್ಮು ಹತ್ತೋದು ಕಡಿಮೆ ಆಗ್ತದೆ, "ಇನ್ನೂ ನಡೀಬಹುದು" ಅನ್ನಿಸ್ತದೆ. ಆದ್ರೆ ಸ್ನಾಯುರಜ್ಜು, ಪಾದದ ತಳದ ಪಟ್ಟಿ, ಎಲುಬು ಗಟ್ಟಿ ಆಗೋಕೆ ತಿಂಗಳುಗಟ್ಟಲೆ ಬೇಕು. ದಮ್ಮು ಹೇಳಿದ್ದನ್ನ ಕಾಲು ಕೇಳೋ ಸ್ಥಿತಿಯಲ್ಲಿ ಇರಲ್ಲ.

ಹಾಗಾಗಿ 1ನೇ ಮತ್ತು 2ನೇ ವಾರ ಮುಂಜಾನೆ 10 ನಿಮಿಷ, ರಾತ್ರಿ ಊಟ ಆದ ಮೇಲೆ 10 ನಿಮಿಷ. 3 ಮತ್ತು 4ಕ್ಕೆ ಮುಂಜಾನೆಯದ್ದು 15 ಮಾಡಿ. 5 ಮತ್ತು 6ಕ್ಕೆ 20. 7ನೇ ವಾರ 25, 8ನೇ ವಾರ 30. ರಾತ್ರಿಯ 10 ನಿಮಿಷ ಮಾತ್ರ ಮೊದಲಿಂದ ಕಡೆಯವರೆಗೂ ಹಾಗೇ ಇರಲಿ. ಊಟದ ನಂತರ ಕಾಲಾಡಿಸಿದ್ರೆ ತೊಡೆಯ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನ ಎಳೆದುಕೊಳ್ತವೆ, ಅದು ಏರೋ ಪ್ರಮಾಣ ತಗ್ಗುತ್ತದೆ. ಶುಗರ್ ಇಲ್ಲದವರಿಗೂ ಇದರಿಂದ ಲಾಭ ಇದೆ.

ವೇಗ ಎಷ್ಟಿರಬೇಕು? ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಎಣಿಸಿ ನೋಡೋದಾದ್ರೆ 15 ಸೆಕೆಂಡಿಗೆ 25 ಹೆಜ್ಜೆ, ಅಂದ್ರೆ ನಿಮಿಷಕ್ಕೆ ಸುಮಾರು 100. ಮೊದಲ 3 ನಿಮಿಷ, ಕಡೆಯ 2 ನಿಮಿಷ ನಿಧಾನ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕು ಅಂತ ಮೊಬೈಲ್ ನೋಡ್ತಾ ಕೂರಬೇಡಿ. ಆ ಸಂಖ್ಯೆ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ವೈದ್ಯಕೀಯ ಲೆಕ್ಕ ಅಲ್ಲ. ಈಗ ದಿನಕ್ಕೆ 3,000 ಇದ್ರೆ 4,500ಕ್ಕೆ ಏರಿಸಿದ್ದೂ ದೊಡ್ಡ ಬದಲಾವಣೆನೇ.

ಈಗ ಬೆಟ್ಟದ ಮಾತು. ಹತ್ತುವಾಗ ದಮ್ಮು ಹತ್ತುತ್ತದೆ, ಅದು ಸಹಜ. ಪೆಟ್ಟು ಬೀಳೋದು ಇಳಿಯುವಾಗ. ಇಳಿಜಾರಲ್ಲಿ ತೊಡೆಯ ಮುಂಭಾಗದ ಸ್ನಾಯು ಉದ್ದ ಆಗ್ತಾ ಆಗ್ತಾ ಬ್ರೇಕ್ ಹಾಕಬೇಕು, ಮೊಣಕಾಲ ಚಿಪ್ಪಿನ ಹಿಂದೆ ಒತ್ತಡ ಏರ್ತದೆ. ಸ್ನಾಯು ಸೋತ ಕೂಡಲೇ ಭಾರ ಎಲ್ಲ ಕೀಲಿನ ಮೇಲೆ. 82 ಕೆ.ಜಿ. ಮೈಗೆ ಮೊದಲ ಎರಡು ತಿಂಗಳು ಸಪಾಟ ದಾರಿನೇ ಸರಿ. ಆಮೇಲೆ ವಾರಕ್ಕೆ ಒಂದು ದಿನ ಬೆಟ್ಟ, ಇಳಿಯುವಾಗ ಸಣ್ಣ ಹೆಜ್ಜೆ, ಮೊಣಕಾಲು ಸ್ವಲ್ಪ ಬಾಗಿರಲಿ.

ಉಣಕಲ್_ದಂಡೆ
ಸೋಮವಾರ, ರಾತ್ರಿ 10:31

ಸಪಾಟ ದಾರಿ ಅಂದ್ರ ಹುಬ್ಬಳ್ಳಿಯೊಳಗ ತೋಳನಕೆರಿ, ಉಣಕಲ್ ಕೆರಿ ದಂಡಿ, ಇಂದಿರಾ ಗಾಜಿನ ಮನಿ ಉದ್ಯಾನ. ಧಾರವಾಡದಾಗ ಕೆಲಗೇರಿ ಕೆರಿ ಕಡೆ ಛಲೋ. ಕರ್ನಾಟಕ ವಿಶ್ವವಿದ್ಯಾಲಯದ ಆವಾರದಾಗ ನೆರಳು ಭಾಳ ಐತಿ, ಆದ್ರ ಏರು ಇಳುಕಲು ಅದಾವು, 5ನೇ ವಾರದಿಂದ ಹೋಗ್ರಿ. ಗದಗದವರಿಗೆ ಭೀಷ್ಮ ಕೆರಿ, ಹಾವೇರಿಯವರಿಗೆ ಹೆಗ್ಗೇರಿ ಕೆರಿ.

ಇನ್ನೊಂದು ಮಾತು. ಅವಳಿ ನಗರದ ನಡುವ ಚಿಗರಿ ಬಸ್ಸಿನಾಗ ಓಡ್ಯಾಡವರು ಒಂದು ನಿಲ್ದಾಣ ಮೊದಲ ಇಳೀರಿ. ಹೋಗುವಾಗೊಮ್ಮೆ, ಬರುವಾಗೊಮ್ಮೆ. ಬ್ಯಾರೆ ಟೈಮ್ ತೆಗೀಬೇಕಾಗೂದಿಲ್ಲ, ಬೂಟು ಹುಡುಕೂದು, ಬಟ್ಟಿ ಬದಲಿಸೂದು ಯಾವುದೂ ಇಲ್ಲ. ಮುಂಜಾನಿ ಏಳಲಿಕ್ಕೆ ಆಗದವರಿಗೆ ಇದೇ ಗಟ್ಟಿ ದಾರಿ.

ರೊಟ್ಟಿ_ಬುಟ್ಟಿ
ಮಂಗಳವಾರ, ಮುಂಜಾನೆ 6:50

ಗದಗದಿಂದ ಬರೀಲಿಕ್ಕತ್ತೀನ್ರಿ, ಕೆಲಸ ಆಹಾರ ಸಲಹಾದ್ದು. ಮೂರನೇ ಪ್ರಶ್ನೆ ನನಗ ಬಿಡ್ರಿ.

ರೊಟ್ಟಿ ಬಿಡಬ್ಯಾಡ್ರಿ. ನೂರು ಗ್ರಾಂ ಜೋಳದಾಗ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಐತಿ. ನಾರಿನಾಗ ಓಟ್ಸೇನೂ ಜೋಳಕ್ಕಿಂತ ಭಾಳ ಮುಂದಿಲ್ಲ, ಬೆಲಿ ಮಾತ್ರ ಹೆಚ್ಚು. ನಮ್ಮ ತಾಟಿನಾಗ ರೊಟ್ಟಿ ಐತಿ, ಕಾಳಿನ ಪಲ್ಯೆ ಐತಿ, ಹಸಿ ಸೊಪ್ಪು ಐತಿ, ಹಿಂಡಿ (ಚಟ್ನಿ ಪುಡಿ) ಐತಿ, ಮಸರು ಐತಿ. ಬರೋಬ್ಬರಿ ಊಟ. ತಪ್ಪಿರೂದು ಅಳತಿ. ಹೊಲದಾಗ ರಂಟಿ ಹೊಡದು ಬಂದವ ಉಣ್ಣೂವಷ್ಟು ಉಂಡು ಕುರ್ಚಿ ಮ್ಯಾಲೆ ಕುಂದ್ರತೇವಿ. ಅದರ ಮ್ಯಾಲೆ ಹಿರ್ಯಾರ ತಾಟಿನಾಗ ಕಾಳು, ಸೊಪ್ಪು ಹೆಚ್ಚಿದ್ವು. ಈಗ ಅವು ಕಡಿಮಿ ಆಗಿ ಅನ್ನ, ಎಣ್ಣಿ, ಸಕ್ರಿ ಹೆಚ್ಚಾಗ್ಯಾವು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಾಗ ಕೊಟ್ಟ ಆಹಾರ ಮಾರ್ಗಸೂಚಿ ಹಿಡೀರಿ. 2000 ಕ್ಯಾಲೊರಿ ದಿನಕ್ಕ ಧಾನ್ಯ 250 ಗ್ರಾಂ, ಕಾಳು ಬ್ಯಾಳಿ 85, ತರಕಾರಿ 400, ಹಣ್ಣು 100, ಶೇಂಗಾ ಎಳ್ಳಿನಂಥವು 35, ಎಣ್ಣಿ 27, ಹಾಲು ಮಸರು 300 ಮಿ.ಲೀ. ಎಲ್ಲಾ ಹಸಿ ತೂಕ, ಬೇಯಿಸೂಕಿಂತ ಮೊದಲಿಂದು.

ಇದನ್ನ ನಮ್ಮ ಅಡಗಿಮನಿ ಲೆಕ್ಕಕ್ಕ ತರೂಣು. ಒಂದು ರೊಟ್ಟಿಗೆ ಎಷ್ಟು ಹಿಟ್ಟು ಹಿಡೀತೈತಿ ಅಂತ ಒಮ್ಮೆ ತೂಗಿ ನೋಡ್ರಿ. ಮಧ್ಯಮ ರೊಟ್ಟಿಗೆ 50 ಗ್ರಾಂ ಹತ್ತರ ಬರತೈತಿ, 170 ಕ್ಯಾಲೊರಿ. ದಿನಕ್ಕ ಮೂರು ರೊಟ್ಟಿ 150 ಗ್ರಾಂ. ಮುಂಜಾನಿ ಅವಲಕ್ಕಿ ಇಲ್ಲಾ ಉಪ್ಪಿಟ್ಟಿಗೆ 60 ಗ್ರಾಂ. ಉಳದದ್ದು 40 ಗ್ರಾಂ ಅಕ್ಕಿ, ಅಂದ್ರ ಸಣ್ಣ ವಾಟಿ ತುಂಬ ಅನ್ನ. ಧಾನ್ಯ ಅಲ್ಲಿಗೆ ಮುಗೀತು. ನಾಕು ರೊಟ್ಟಿ ಉಂಡು ಕಡೀಕ "ಒಂದೀಟು ಅನ್ನ ಸಾರು" ಅಂತ ತಾಟು ತುಂಬ ಹಾಕ್ಕೊಂಡ್ರ ಲೆಕ್ಕ ತಪ್ಪೂದು ಅಲ್ಲೇ. ಎರಡೂ ಬೇಕನ್ನವರು ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅನ್ನ ಮಾಡ್ಕೋರಿ.

ಕಡಕ್ ರೊಟ್ಟಿ ಬಗ್ಗೆ ಎಚ್ಚರ. ಹಗರ ಅಂತ ನಾಕು ಐದು ಮುರದು ತಿಂತಾರ. ಅದರಾಗ ಹೋಗಿರೂದು ನೀರು ಅಷ್ಟ, ಹಿಟ್ಟು ಹಂಗ ಉಳದಿರತೈತಿ. 30 ಗ್ರಾಂ ತೂಗೂ ಕಡಕ್ ರೊಟ್ಟಿ ಅಂದ್ರ ಹೆಚ್ಚು ಕಡಿಮಿ ಅಷ್ಟೂ ಹಿಟ್ಟು.

ಇನ್ನ ಎಣ್ಣಿ. ಇದನ್ನ ಚಮಚಾದಾಗ ಅಳದ್ರ ಯಾರಿಗೂ ದಿನಾ ಆಗೂದಿಲ್ಲ, ಡಬ್ಬಿ ಲೆಕ್ಕ ಇಡ್ರಿ. ನಾಕು ಮಂದಿ ಮನಿಗೆ ದಿನಕ್ಕ 27 ಗ್ರಾಂ ಪ್ರಕಾರ ತಿಂಗಳಿಗೆ 3.2 ಕೆ.ಜಿ., ಅಂದ್ರ ಮೂರೂವರಿ ಲೀಟರ್. ಒಂದನೇ ತಾರೀಖು ಅಷ್ಟ ತಂದಿಡ್ರಿ, ಡಬ್ಬಿ ಮ್ಯಾಲೆ ತಾರೀಖು ಬರೀರಿ. 18ಕ್ಕ ಖಾಲಿ ಆತು ಅಂದ್ರ ಎಲ್ಲಿ ಸೋರತೈತಿ ಅನ್ನೂದು ತಾನಾಗಿ ಗೊತ್ತಾಗತೈತಿ. ಕರದ ಎಣ್ಣಿ, ಒಗ್ಗರಣಿ ಎಣ್ಣಿ ಎಲ್ಲಾ ಇದರಾಗ ಬಂತು. ಬಜಾರದ ಮಿರ್ಚಿ ಭಜಿ ಮಾತ್ರ ಇದರ ಹೊರಗ.

ಎಣ್ಣಿಗಾಯಿ ಬಿಡೂದು ಬ್ಯಾಡ. ಅರ್ಧ ಕೆ.ಜಿ. ಎಳೀ ಬದನಿಕಾಯಿಗೆ ಮೂರು ದೊಡ್ಡ ಚಮಚ, ಅಂದ್ರ 45 ಮಿ.ಲೀ. ಎಣ್ಣಿ ಸಾಕು. ಹೆಂಗಂದ್ರ: ಬದನಿಕಾಯಿ ನಾಕು ಭಾಗ ಸೀಳಿ, ತೊಟ್ಟು ಹಂಗ ಇಟ್ಟು ಉಪ್ಪು ನೀರಾಗ ಹಾಕ್ರಿ. ಹುರದ ಶೇಂಗಾ ಪುಡಿ 50 ಗ್ರಾಂ, ಗುರೆಳ್ಳು ಪುಡಿ ಒಂದು ದೊಡ್ಡ ಚಮಚ, ಬಳ್ಳೊಳ್ಳಿ, ಮಸಾಲಿ ಖಾರ, ಹುಣಸಿ ರಸ, ಚೂರು ಬೆಲ್ಲ ಕಲಸಿ ತುಂಬ್ರಿ. ದಪ್ಪ ತಳದ ಬೋಗಾಣಿಯೊಳಗ ಎಣ್ಣಿ ಕಾಸಿ, ಜೀರಗಿ ಸಾಸವಿ ಸಿಡದ ಮ್ಯಾಲೆ ಕಾಯಿ ಜೋಡಸ್ರಿ. ಮ್ಯಾಲೆ ಮುಚ್ಚಳಾ ಬದಲಿ ಅಂಚಿರೂ ತಾಟು ಇಟ್ಟು ಅದರಾಗ ನೀರು ಹಾಕ್ರಿ. ಒಳಗಿನ ಉಗಿ ತಣ್ಣನ ತಾಟಿಗೆ ತಾಗಿ ಹನಿ ಆಗಿ ಬದನಿಕಾಯಿ ಮ್ಯಾಲೆ ಬೀಳತೈತಿ, ತಳ ಹತ್ತೂದಿಲ್ಲ, ಎಣ್ಣಿ ಮತ್ತ ಸುರೂವು ಪ್ರಸಂಗ ಬರೂದಿಲ್ಲ. ತಾಟಿನ ನೀರು ಬಿಸಿ ಆದ ಮ್ಯಾಲೆ ಅದನ್ನ ಒಳಗ ಹಾಕ್ರಿ, ತಣ್ಣೀರು ಹಾಕಿದ್ರ ರಸ ಒಡದಂಗ ಆಗತೈತಿ. ಸಣ್ಣ ಉರಿ, 15ರಿಂದ 20 ನಿಮಿಷ. ಐದು ಮಂದಿಗೆ ಹಂಚಿದ್ರ ತಲಿಗೆ 8 ಗ್ರಾಂ ಎಣ್ಣಿ. ಶೇಂಗಾದ್ದ ಎಣ್ಣಿ ಬ್ಯಾರೆ ಬಿಡತೈತಿ, ಹಿಂಗಾಗಿ ರುಚಿಗೆ ಕಡಿಮಿ ಬೀಳೂದಿಲ್ಲ.

ಸಾಧನಕೇರಿ_ಸಂಜೆ
ಮಂಗಳವಾರ, ಮುಂಜಾನೆ 7:15

ಅಕ್ಕಾರ, ಭಾಳ ಛಲೋ ಬಿಡಿಸಿ ಹೇಳಿದ್ರಿ. ಹಿಂಡಿ ದಿನಾ ಇರ್ತದ, ಅದರ ಲೆಕ್ಕ ಹೆಂಗ? ಚಹಾ ಐದು ಸಲ ಆಗ್ತದ. ಸಂಜೀಕ ಗಿರ್ಮಿಟ್ ಅಂದ್ರ ಬಿಡೂದು ಕಷ್ಟ.

ರೊಟ್ಟಿ_ಬುಟ್ಟಿ
ಮಂಗಳವಾರ, ಮುಂಜಾನೆ 7:40

ಶೇಂಗಾ ಹಿಂಡಿ ದೊಡ್ಡ ಚಮಚ ಒಂದು, 10 ಗ್ರಾಂ, 55 ಕ್ಯಾಲೊರಿ. ಅಷ್ಟಕ್ಕ ಅಡ್ಡಿ ಇಲ್ಲರಿ. ಅದರ ಮ್ಯಾಲೆ ಎಣ್ಣಿ ಸುರಕೊಂಡು ಕಲಸತಾರ ನೋಡ್ರಿ, ಅದು ಬ್ಯಾಡ. ಮಸರಿನಾಗ ಕಲಸ್ರಿ. ವಾರದಾಗ ಮೂರು ದಿನ ಶೇಂಗಾದ್ದು ಬಿಟ್ಟು ಅಗಸಿ ಹಿಂಡಿ ಮಾಡ್ರಿ, ಒಳ್ಳೆ ಕೊಬ್ಬು ಬರತೈತಿ. ಅಗಸಿ ಹುರದು ಪುಡಿ ಮಾಡಬೇಕು, ಇಡೀ ಕಾಳು ನುಂಗಿದ್ರ ಹಂಗ ಹೊರಗ ಹೋಗತೈತಿ. ಪುಡಿ ಎಂಟು ಹತ್ತು ದಿನಕ್ಕ ಆಗೂವಷ್ಟ ಮಾಡ್ರಿ, ಹೆಚ್ಚು ಇಟ್ಟರ ಜಿಡ್ಡು ವಾಸನಿ ಹೊಡೀತೈತಿ.

ಚಹಾ ನೋಡ್ರಿ, ಕಪ್ಪಿಗೆ ಎರಡು ಸಣ್ಣ ಚಮಚ ಅಂದ್ರ 10 ಗ್ರಾಂ ಸಕ್ರಿ. ಐದು ಕಪ್ಪಿಗೆ 50 ಗ್ರಾಂ, 200 ಕ್ಯಾಲೊರಿ. ನೀವು ಅರ್ಧ ತಾಸು ಬಿರುಸಾಗಿ ನಡದ್ರ ಖರ್ಚಾಗೂದು 140ರ ಆಸುಪಾಸು. ನಡದದ್ದೆಲ್ಲಾ ಚಹಾದಾಗ ಹೋತು. ಒಂದೇ ಸಲಕ್ಕ ಸಪ್ಪನ ಚಹಾ ಕುಡಿಯಾಕ ಹೋಗಬ್ಯಾಡ್ರಿ, ನಾಲಿಗಿ ಒಪ್ಪೂದಿಲ್ಲ. ಮೊದಲ ವಾರ ಒಂದೂವರಿ ಚಮಚ, ಎರಡನೇ ವಾರ ಒಂದು, ನಾಕನೇ ವಾರಕ್ಕ ಅರ್ಧ. ಕಪ್ಪು ಐದರಿಂದ ಮೂರು. ಬೆಲ್ಲ ಹಾಕಿದ್ರ ಏನೂ ಆಗೂದಿಲ್ಲ ಅನ್ನೂದು ತಪ್ಪು ತಿಳುವಳಿಕಿ. ಬೆಲ್ಲಾನೂ ಸಕ್ರೀನ.

ಗಿರ್ಮಿಟ್ ಅಷ್ಟೇನೂ ಕೆಟ್ಟದ್ದಲ್ಲ. ಚುರುಮರಿ ಹಗರ, ಪುಟಾಣಿ ಹಿಟ್ಟು ಛಲೋ, ಹಸಿ ಉಳ್ಳಾಗಡ್ಡಿ ಕೊತಂಬರಿ ಛಲೋ. ತೂಕ ಏರಸೂದು ಜೋಡಿ ಬರೂ ಮಿರ್ಚಿ. ಮನಿಯೊಳಗ ಮಾಡಿದ್ರ ಗೊಜ್ಜಿಗೆ ಎರಡು ಸಣ್ಣ ಚಮಚ ಎಣ್ಣಿ, ಮ್ಯಾಲೆ ಒಂದು ಮುಷ್ಟಿ ಮೊಳಕಿ ಹೆಸರುಕಾಳು. ಅದು ಪೂರಾ ಸಂಜೀ ತಿನಸು ಆತು.

ಉಪ್ಪಿನ ಮಾತು ಬಿ.ಪಿ. ಇದ್ದವರಿಗೆ ಮುಖ್ಯ. ದಿನಕ್ಕ 5 ಗ್ರಾಂ, ಸಮ ಮಟ್ಟದ ಒಂದು ಸಣ್ಣ ಚಮಚ, ಎಲ್ಲಾ ಸೇರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಮಜ್ಜಿಗಿ ಮೆಣಸಿನಕಾಯಿ ನಾಕೂ ಒಂದೇ ತಾಟಿನಾಗ ಬ್ಯಾಡ, ಯಾವುದರ ಒಂದು. ರೊಟ್ಟಿ ಹಿಟ್ಟಿಗೆ ಉಪ್ಪು ಹಾಕೂ ರೂಢಿ ನಮ್ಮಲ್ಲಿ ಇಲ್ಲ, ಅದು ನಮ್ಮ ಪುಣ್ಯ.

ಗರಡಿ_ಮಣ್ಣು
ಮಂಗಳವಾರ, ಸಂಜೆ 5:30

ಹಾವೇರಿ ಕಡೆಯಿಂದ ನಮಸ್ಕಾರ. ಊಟ, ನಡಿಗಿ ಎರಡೂ ಬಂತು, ತಾಕತ್ತಿನ ಮಾತು ಯಾರೂ ತಗದಿಲ್ಲ. ವಾರಕ್ಕ ಎರಡು ದಿನ, 20 ನಿಮಿಷ, ಮನಿಯೊಳಗ ಆಗತೈತಿ. ಜಿಮ್ ಬ್ಯಾಡ. ಸೋಮವಾರ ಗುರುವಾರ ಇಟ್ಕೋರಿ, ನಡುವ ಎರಡು ದಿನ ಬಿಡುವು ಇರಲಿ.

ಮೊದಲನೇದು ಕುರ್ಚಿ ಬಸ್ಕಿ. ಕಟ್ಟಿಗಿ ಕುರ್ಚಿ ಗೋಡಿಗೆ ಹಚ್ಚಿ ಇಡ್ರಿ, ಪ್ಲಾಸ್ಟಿಕ್ ಕುರ್ಚಿ ಗ್ರಾನೈಟ್ ನೆಲದ ಮ್ಯಾಲೆ ಜಾರತೈತಿ. ತುದಿಗೆ ಕುಂದರ್ರಿ, ಪಾದ ಸೊಂಟದಷ್ಟು ಅಗಲ, ಎರಡೂ ಕೈ ಎದಿ ಮ್ಯಾಲೆ. ಎದಿ ಮುಂದ ತಂದು, ಹಿಮ್ಮಡಿ ನೆಲಕ್ಕ ಒತ್ತಿ ಏಳ್ರಿ. ಇಳಿಯಾಕ ಮೂರು ಎಣಿಸ್ರಿ, ಧಪ್ಪಂತ ಕುಂದ್ರಬ್ಯಾಡ್ರಿ. ಮೊಣಕಾಲು ಒಳಗ ವಾಲಬಾರದು, ಪಾದದ ಎರಡನೇ ಬೆರಳಿನ ಕಡೆ ನೋಡಬೇಕು. 8 ಸಲ, ಒಂದೂವರಿ ನಿಮಿಷ ಕುಂತು ಮತ್ತ 8. ಮೊಣಕಾಲು ನೋವು ಇದ್ರ ಕುರ್ಚಿ ಮ್ಯಾಲೆ ದಿಂಬು ಹಾಕಿ ಎತ್ತರ ಮಾಡ್ರಿ, ನೋವು ಆಗದ ಎತ್ತರದಿಂದ ಶುರು.

ಎರಡನೇದು ಗೋಡಿ ದಂಡ. ಗೋಡಿಯಿಂದ ಎರಡು ಅಡಿ ದೂರ, ಅಂಗೈ ಎದಿ ಮಟ್ಟಕ್ಕ. ಮೈ ಹಲಗಿ ಹಂಗ ನೆಟ್ಟಗ, ಮೂಗು ಗೋಡಿ ಹತ್ತರ ಬರೂತನ ಬಗ್ಗಿ ಹಿಂದ ದೂಡ್ರಿ. ಗೋಡಿ ಹಗರ ಆದ ಮ್ಯಾಲೆ ಅಡಗಿ ಕಟ್ಟಿ, ಆಮ್ಯಾಲೆ ಮಂಚದ ಅಂಚು, ಕಡೀಕ ನೆಲ. ಮೂರನೇದು ಬೆನ್ನ ಮ್ಯಾಲೆ ಮಲಗಿ ಮೊಣಕಾಲು ಮಡಚಿ ಕುಂಡಿ ಎತ್ತೂದು, ಮ್ಯಾಲೆ ಎರಡು ಸೆಕೆಂಡ್ ನಿಲ್ಲಸೂದು. ದಿನವೆಲ್ಲಾ ಕುಂತವರ ಕುಂಡಿ ಸ್ನಾಯು ಕೆಲಸ ಮರೆತಿರತಾವು, ಅದರ ಭಾರ ನಡಾ ಹೊರತೈತಿ. ನಡ ನೋವಿಗೆ ಇದೂ ಒಂದು ಕಾರಣ ಆಗಬಹುದು. ನಾಕನೇದು ಬಟ್ಟಿ ಚೀಲದಾಗ ಎರಡು ಲೀಟರಿನ ಬಾಟಲಿ ಎರಡು ಇಟ್ಟು, ಒಂದು ಕೈ ಕುರ್ಚಿ ಮ್ಯಾಲೆ ಊರಿ ಬಗ್ಗಿ, ಇನ್ನೊಂದು ಕೈಲೆ ಚೀಲ ಪಕ್ಕಡಿ ತನಕ ಎಳಿಯೂದು. ನಾಕು ಕೆ.ಜಿ. ಆತು. ಐದನೇದು ಗೋಡಿ ಹಿಡದು ಹಿಮ್ಮಡಿ ಎತ್ತಿ ಇಳಸೂದು, 10 ಸಲ. ಎಲ್ಲಾ ಎರಡು ಸುತ್ತು.

ಏರಸೂದು ಹೆಂಗಂದ್ರ, 8 ಸಲ ಹಗರ ಆದ್ರ 10, ಆಮ್ಯಾಲೆ 12. ಹನ್ನೆರಡು ಎರಡು ಸುತ್ತು ನೆಟ್ಟಗ ಬಂತಂದ್ರ ಭಾರ ಏರಸ್ರಿ, ಎಣಿಕಿ ಮತ್ತ 8ಕ್ಕ ಇಳಸ್ರಿ.

ಉಸಿರು ಹಿಡೀಬ್ಯಾಡ್ರಿ. ಬಲ ಹಾಕುವಾಗ ಉಸಿರು ಬಿಡೂದು, ಸಡಲ ಬಿಡುವಾಗ ಒಳಗ ತಗೊಳ್ಳೂದು. ಉಸಿರು ಕಟ್ಟಿ ತಿಣುಕಿದ್ರ ಬಿ.ಪಿ. ಗಕ್ಕನ ಏರತೈತಿ.

ಗರಡಿಮನಿ ಹುಮ್ಮಸ್ಸಿಗೆ ಮೊದಲ ದಿನ ನೂರು ಬಸ್ಕಿ ಹೊಡದೇ ಬಿಡ್ತೀನಿ ಅನ್ನವರಿಗೆ ಕೈ ಮುಗದು ಹೇಳತೀನಿ, ಬ್ಯಾಡ್ರಿ. ರೂಢಿ ಇಲ್ಲದ ಮೈಯಾಗ ಸ್ನಾಯು ಒಡದು ಅದರ ಕಸ ಮೂತ್ರಪಿಂಡಕ್ಕ ಹೋಗಿ ಬಡೀತೈತಿ. ತೊಡಿ ಬಾತು, ಮೂತ್ರ ಕಪ್ಪು ಚಹಾದ ಬಣ್ಣ ಬಂತಂದ್ರ ಮನ್ಯಾಗ ಎಣ್ಣಿ ತಿಕ್ಕಿಕೋತ ಕುಂದರಬಾರದು, ಅವತ್ತ ದವಾಖಾನಿ.

ಧಾರವಾಡ_ಫಿಸಿಯೋ
ಮಂಗಳವಾರ, ಸಂಜೆ 6:10

ಈ ಮಾತು ಹೇಳಿದ್ದು ಬಹಳ ಒಳ್ಳೇದಾಯ್ತು ಅಣ್ಣಾ. ಇದಕ್ಕೆ ಸೇರಿಸೋದು: ಯಾವ ನೋವು ಸಹಜ, ಯಾವುದು ಅಲ್ಲ?

ಮಾಡಿದ ಮಾರನೇ ದಿನ, ಮೂರನೇ ದಿನ ತೊಡೆ, ಮೀನಖಂಡದ ಮಧ್ಯದಲ್ಲಿ ಎರಡೂ ಕಡೆ ಸಮನಾಗಿ ಮೈ ಕೈ ನೋವು ಬಂದ್ರೆ ಅದು ಸಹಜ, ನಾಲ್ಕು ದಿನದಲ್ಲಿ ಹೋಗ್ತದೆ. ಹಗುರ ನಡಿಗೆ ನಿಲ್ಲಿಸಬೇಡಿ. ಒಂದೇ ಕಡೆ, ಕೀಲಿನ ಒಳಗೆ, ಚುಚ್ಚುವ ನೋವು, ಬಾವು, ಕುಂಟುವ ಹಾಗಾಗೋದು ಸಹಜ ಅಲ್ಲ. ಮುಂಜಾನೆ ಹಾಸಿಗೆಯಿಂದ ಎದ್ದು ಇಟ್ಟ ಮೊದಲ ಹೆಜ್ಜೆಗೆ ಹಿಮ್ಮಡಿ ಚುಚ್ಚಿ, ಹತ್ತು ಹೆಜ್ಜೆಗೆ ಕಡಿಮೆ ಆದ್ರೆ ಪಾದದ ತಳದ ಪಟ್ಟಿ ಎಳೆದಿದೆ ಅಂತ ಅರ್ಥ. ನಡಿಗೆ ಅರ್ಧಕ್ಕೆ ಇಳಿಸಿ, ಏಳೋ ಮೊದಲೇ ಹಾಸಿಗೆಯಲ್ಲಿ ಕೂತು ಕಾಲ್ಬೆರಳನ್ನ ಕೈಯಿಂದ ಹಿಂದಕ್ಕೆ ಎಳೆದು 10 ಸೆಕೆಂಡ್, ಹತ್ತು ಸಲ. ಮನೆಯೊಳಗೆ ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಓಡಾಡಬೇಡಿ, ಮೆತ್ತನೆ ಚಪ್ಪಲಿ ಹಾಕಿ.

ಬೂಟು ಸಂಜೆ ಹೊತ್ತಲ್ಲೇ ಕೊಳ್ಳಿ, ಆಗ ಪಾದ ಸ್ವಲ್ಪ ಬಾತಿರ್ತದೆ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದ ಜಾಗ ಇರಬೇಕು. ಹಿಮ್ಮಡಿ ಭಾಗ ಹಿಂಡಿದ್ರೆ ಗಟ್ಟಿ ಇರಬೇಕು, ಬೆರಳಿನ ಹತ್ತಿರ ಮಾತ್ರ ಬಾಗಬೇಕು. ನಡುವೆ ಮಡಚಿಕೊಳ್ಳೋ ಬೂಟು ಬೇಡ.

ಹಳೇಹುಬ್ಬಳ್ಳಿ_ಔಷಧಾಲಯ
ಮಂಗಳವಾರ, ರಾತ್ರಿ 8:45

ಗುಳಿಗಿ ತಗೊಳ್ಳವರಿಗೆ ನಾಕು ಮಾತು. ಅಟೆನೊಲಾಲ್, ಮೆಟೊಪ್ರೊಲಾಲ್ ನಮೂನಿ ಬಿ.ಪಿ. ಗುಳಿಗಿ ಇದ್ರ ನಾಡಿ ಬಡಿತ ಏರೂದನ್ನ ಅವು ತಡೀತಾವ. ಕೈಗಡಿಯಾರ ತೋರಸೂ ಬಡಿತ ನೋಡಿ ವೇಗ ಹೆಚ್ಚಿಸಲಿಕ್ಕೆ ಹೋಗಬಾರದು. ಮೇಲೆ ಹೇಳಿದ ಮಾತು, ಹಾಡಿನ ಪರೀಕ್ಷೆನ ಸರಿ. ಮೂತ್ರ ಹೆಚ್ಚಿಸೋ ಗುಳಿಗಿ ಇದ್ದವರು ಏಪ್ರಿಲ್, ಮೇ ಬಿಸಿಲಿನಾಗ ನೀರಿನ ಕಡೆ ನಿಗಾ ಇಡ್ರಿ, ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲಿ ಬಂದ್ರ ಡಾಕ್ಟರಿಗೆ ಹೇಳ್ರಿ.

ಕುಂತಾಗ ಬಿ.ಪಿ. 180/110 ದಾಟಿದ್ರ ಆ ದಿನ ವ್ಯಾಯಾಮ ಬ್ಯಾಡ, ಡಾಕ್ಟರು ಮೊದಲು. ನಡೀವಾಗ ಎದಿ ಹಿಂಡಿದಂಗ, ಭಾರ ಇಟ್ಟಂಗ ಆಗೂದು, ನೋವು ಎಡಗೈಗೋ ದವಡಿಗೋ ಹರಿಯೂದು, ತಣ್ಣನ ಬೆವರು, ತಲಿ ತಿರುಗೂದು ಇವು ಗ್ಯಾಸ್ ಅಲ್ಲ. ನಿಂತುಬಿಡ್ರಿ, ಕುಂದರ್ರಿ, 108ಕ್ಕ ಫೋನ್ ಮಾಡ್ರಿ.

ನವಲಗುಂದ_ನೆರಳು
ಬುಧವಾರ, ಮಧ್ಯಾಹ್ನ 2:10

ಅಣ್ಣಾರ, ಶುಗರ್ ಇದ್ದವರು ಬರೇ ಹೊಟ್ಟಿಲೆ ನಡೀಬೇಕೋ ಉಂಡು ನಡೀಬೇಕೋ? ಗ್ಲಿಮಿಪಿರೈಡ್ ಮತ್ತ ಮೆಟ್‌ಫಾರ್ಮಿನ್ ಕೂಡಿದ ಗುಳಿಗಿ ಅದಾವು. ವಯಸ್ಸು 58, ಹೆಣ್ಣುಮಕ್ಕಳು.

ಹಳೇಹುಬ್ಬಳ್ಳಿ_ಔಷಧಾಲಯ
ಬುಧವಾರ, ಮಧ್ಯಾಹ್ನ 2:50

ಅಕ್ಕಾರ, ಮೆಟ್‌ಫಾರ್ಮಿನ್ ಒಂದ ಇದ್ದಿದ್ರ ಅಷ್ಟು ಚಿಂತಿ ಇರಲಿಲ್ಲ. ಗ್ಲಿಮಿಪಿರೈಡ್ ಮೈಯಾಗ ಇನ್ಸುಲಿನ್ ಹಿಂಡಿ ಹೊರಗ ತರ್ತದ, ಹೊಟ್ಟಿ ಖಾಲಿ ಇದ್ರೂ ಅದರ ಕೆಲಸ ನಿಲ್ಲಂಗಿಲ್ಲ. ಅದಕ್ಕ ಬರೇ ಹೊಟ್ಟಿಲೆ ದೂರ ನಡಿಯೂದು ಬ್ಯಾಡ. ಊಟ ಆದ ಮ್ಯಾಲೆ 10 ನಿಮಿಷ ಬಿಟ್ಟು ನಡೀರಿ, ಮೂರು ಹೊತ್ತು ಹತ್ತತ್ತು ನಿಮಿಷ. ಮುಂಜಾನಿನ ಹೋಗಬೇಕು ಅಂದ್ರ ಯಂತ್ರದಾಗ ನೋಡಿ, 90ಕ್ಕಿಂತ ಕಡಿಮಿ ಇದ್ರ ಒಂದು ಬಾಳಿಹಣ್ಣು ತಿಂದು ಹೋಗ್ರಿ.

ಕಿಸೆದಾಗ ಗ್ಲೂಕೋಸ್ ಪುಡಿ ಇಲ್ಲಾ ಸಕ್ರಿ ಪೊಟ್ಟಣ ಇರಲಿ. ಕೈ ನಡುಕ, ಬೆವರು, ಎದಿ ಢವಢವ, ಗಕ್ಕನ ಹಸಿವು ಅಂದ್ರ ಅಲ್ಲೇ ನಿಂತು ಮೂರು ಸಣ್ಣ ಚಮಚ, 15 ಗ್ರಾಂ, ನೀರಾಗ ಕದಡಿ ಕುಡೀರಿ. 15 ನಿಮಿಷಕ್ಕ ಕಡಿಮಿ ಆಗಲಿಲ್ಲ ಅಂದ್ರ ಮತ್ತೊಮ್ಮೆ. ಚಾಕಲೇಟ್, ಫೇಡಾ ಬ್ಯಾಡ, ಅದರಾಗಿನ ಕೊಬ್ಬಿಗೆ ಸಕ್ರಿ ರಕ್ತಕ್ಕ ಸೇರೂದು ತಡ ಆಗ್ತದ. ನಡಿಗಿ ರೂಢಿ ಆಗಿ ಪದೇ ಪದೇ ಹಿಂಗ ಆದ್ರ ಡಾಕ್ಟರು ಗುಳಿಗಿ ಇಳಿಸ್ತಾರ, ತಾವಾಗಿ ಬಿಡಬಾರದು. ರಾತ್ರಿ ಮಲಗೂ ಮುಂದ ಎರಡೂ ಪಾದದ ತಳ, ಬೆರಳ ಸಂದಿ ನೋಡ್ಕೋರಿ. ಮುಳ್ಳು ಚುಚ್ಚಿದ್ದು, ಬೂಟು ಕಚ್ಚಿದ್ದು ಶುಗರ್ ಇದ್ದವರಿಗೆ ಗೊತ್ತ ಆಗಂಗಿಲ್ಲ.

ರೊಟ್ಟಿ_ಬುಟ್ಟಿ
ಬುಧವಾರ, ಮಧ್ಯಾಹ್ನ 3:20

ಅಕ್ಕಾರ, ಉಣ್ಣೂ ಕ್ರಮಾನೂ ಬದಲ ಮಾಡ್ರಿ. ಮೊದಲ ಪಚಡಿ: ಮೆಂತೆ ಸೊಪ್ಪು, ಮೂಲಂಗಿ, ಸವತಿಕಾಯಿ, ಉಳ್ಳಾಗಡ್ಡಿ ಹೆಚ್ಚಿ ಒಂದು ದೊಡ್ಡ ವಾಟಿ. ಹಕ್ಕರಕಿ ಸೊಪ್ಪು ಸಿಕ್ಕಾಗ ಬಿಡಬ್ಯಾಡ್ರಿ. ಅದರ ಬೆನ್ನಿಗೆ ಕಾಳಿನ ಪಲ್ಯೆ ಅರ್ಧ. ಆಮ್ಯಾಲೆ ರೊಟ್ಟಿ. ನಾರು, ಪ್ರೋಟೀನ್ ಮೊದಲ ಹೊಟ್ಟಿಗೆ ಹೋದ್ರ ಹಿಂದಿಂದ ಹೋದ ಹಿಟ್ಟು ನಿಧಾನ ಕರಗತೈತಿ. ಅದ ತಾಟು, ಅದ ಊಟ, ಕ್ರಮ ಅಷ್ಟ ಬ್ಯಾರೆ.

ಕಾಳಿನ ಲೆಕ್ಕ ಎಲ್ಲಾರಿಗೂ ಹೇಳತೀನಿ. ಪ್ರೋಟೀನ್ ಕೆ.ಜಿ. ತೂಕಕ್ಕ 0.83 ಗ್ರಾಂ ಬೇಕು, 65 ಕೆ.ಜಿ.ಗೆ 54 ಗ್ರಾಂ. ಮೂರು ರೊಟ್ಟಿಯೊಳಗ 15 ಬರತೈತಿ. ಹೆಸರುಕಾಳು, ಮಡಿಕಿಕಾಳು, ಅಲಸಂದಿ ಯಾವುದರ 50 ಗ್ರಾಂ ಒಣಾವು ನೆನಸಿದ್ರ 11. ತೊಗರಿ ಬ್ಯಾಳಿ 35 ಗ್ರಾಂಗೆ 7. ಹಾಲು ಮಸರು 300 ಮಿ.ಲೀ.ಗೆ 10. ಶೇಂಗಾ 30 ಗ್ರಾಂಗೆ 7. ಉಳದದ್ದು ಅವಲಕ್ಕಿ, ಅನ್ನ, ತರಕಾರಿಯಿಂದ ತುಂಬತೈತಿ. ತತ್ತಿ ತಿನ್ನವರಿಗೆ ಒಂದಕ್ಕ 6 ಗ್ರಾಂ. ಡಬ್ಬಿ ಪುಡಿ ಯಾವುದೂ ಬೇಕಾಗಿಲ್ಲ. ತಿಳಿ ಸಾರಿನಾಗ ಬ್ಯಾಳಿ ಹುಡುಕಿದ್ರೂ ಸಿಗೂದಿಲ್ಲ, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಮೂತ್ರಪಿಂಡದ ತೊಂದರಿ ಇದ್ದವರು ಡಾಕ್ಟರನ್ನ ಕೇಳದ ಕಾಳು ಹೆಚ್ಚಸಬಾರದು.

ಶ್ರಾವಣದಾಗ ಉಪವಾಸ ಅಂತ ಸಾಬೂದಾಣಿ ಖಿಚಡಿ ತಿಂತೇವಿ. ಅದು ಬರೇ ಹಿಟ್ಟು, ಜೋಡಿ ಎಣ್ಣಿ. ಉಪವಾಸದ ದಿನ ಮಸರು, ಹಣ್ಣು, ಒಂದು ಮುಷ್ಟಿ ಕುದಿಸಿದ ಶೇಂಗಾ ಸಾಕು, ಅವತ್ತು ನಡಿಗಿ ಹಗರ ಇರಲಿ.

ಸಾಧನಕೇರಿ_ಸಂಜೆ
ಬುಧವಾರ, ರಾತ್ರಿ 9:00

ಎಲ್ಲಾ ಬರದಿಟ್ಟುಕೊಂಡೆ. ತೂಕ ಎಷ್ಟು ದಿನಕ್ಕ ಎಷ್ಟು ಇಳೀಬೇಕು? ಮಳೆಗಾಲದಾಗ ಧಾರವಾಡದ ಜಿಟಿಜಿಟಿ ವಾರಗಟ್ಟಲೆ ನಿಲ್ಲಂಗಿಲ್ಲ, ಆವಾಗ ಏನು? ಮುಂಜಾನಿ ನಾಯಿ ಕಾಟಾನೂ ಅದ.

ಧಾರವಾಡ_ಫಿಸಿಯೋ
ಬುಧವಾರ, ರಾತ್ರಿ 9:35

ತೂಕ ವಾರಕ್ಕೆ ಅರ್ಧ ಕೆ.ಜಿ. ಇಳಿದ್ರೆ ಸಾಕಷ್ಟಾಯ್ತು. ವಾರಕ್ಕೆ ಒಂದೇ ದಿನ ನೋಡಿ, ಮುಂಜಾನೆ ಶೌಚ ಆದ ಮೇಲೆ, ಏನೂ ತಿನ್ನೋ ಮೊದಲು. ಹೊಸದಾಗಿ ವ್ಯಾಯಾಮ ಶುರು ಆದಾಗ ಸ್ನಾಯು ರಿಪೇರಿಗೆ ನೀರು ಹಿಡಿದಿಟ್ಟುಕೊಳ್ತದೆ, ಮೊದಲ ಎರಡು ಮೂರು ವಾರ ಮುಳ್ಳು ಅಲ್ಲಾಡದೇ ಇರಬಹುದು, ಅರ್ಧ ಕೆ.ಜಿ. ಏರಲೂಬಹುದು. ಬಹಳ ಮಂದಿ ಬಿಟ್ಟುಬಿಡೋದು ಇಲ್ಲೇ. ಆಗ ಟೇಪ್ ನಂಬಿ. ಕಡೆಯ ಪಕ್ಕೆಲುಬು ಮತ್ತು ಸೊಂಟದೆಲುಬಿನ ಮೇಲಂಚಿನ ನಡುಮಧ್ಯ ಸುತ್ತಿ, ಉಸಿರು ಸಹಜವಾಗಿ ಬಿಟ್ಟು ಅಳೆಯಿರಿ. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮಿತಿ. ನಿಮ್ಮದು 101, ಅಂದ್ರೆ 11 ಇಳೀಬೇಕು. ಒಂದು ವರ್ಷ ಹಿಡೀಬಹುದು, ಹಿಡೀಲಿ.

ಮಳೆಯಲ್ಲಿ ಮನೆಯೊಳಗೇ ಮಾಡಿ. ನಿಂತಲ್ಲೇ ಮೊಣಕಾಲು ಸೊಂಟದ ಅರ್ಧ ಎತ್ತರಕ್ಕೆ ಎತ್ತಿ ನಡಿಗೆ 3 ನಿಮಿಷ, ಒಂದೇ ಮೆಟ್ಟಿಲು ಹತ್ತಿ ಇಳಿಯೋದು 2 ನಿಮಿಷ, ಹೀಗೆ ನಾಲ್ಕು ಸಲ, 20 ನಿಮಿಷ ಆಯ್ತು. ಮೆಟ್ಟಿಲಲ್ಲಿ ಅರ್ಧ ಹೊತ್ತು ಬಲಗಾಲು ಮುಂದೆ, ಅರ್ಧ ಎಡಗಾಲು. ಪಾದ ಪೂರ್ತಿ ಮೆಟ್ಟಿಲ ಮೇಲೆ ಇರಲಿ, ಒದ್ದೆ ಕಾಲಲ್ಲಿ ಬೇಡ.

ಒಂದು ವಾರ ತಪ್ಪಿದ್ರೆ ನಿಲ್ಲಿಸಿದಲ್ಲಿಂದ ಶುರು ಮಾಡಬೇಡಿ, ಒಂದು ಹಂತ ಹಿಂದಿನ ನಿಮಿಷಗಳಿಂದ ಶುರು ಮಾಡಿ. ಮೂರು ವಾರ ತಪ್ಪಿದ್ರೆ ಮತ್ತೆ 10 ನಿಮಿಷ.

ಉಣಕಲ್_ದಂಡೆ
ಬುಧವಾರ, ರಾತ್ರಿ 9:50

ನಾಯಿ ಗುಂಪು ಬಂದ್ರ ಓಡಬ್ಯಾಡ್ರಿ, ಓಡಿದ್ರ ಬೆನ್ನು ಹತ್ತತಾವು. ನಿಂತು, ಕೈ ಮೈಗೆ ಹಚ್ಚಿಕೊಂಡು, ಕಣ್ಣಾಗ ಕಣ್ಣಿಡದ ನಿಧಾನ ಹಿಂದ ಸರೀರಿ. ಬೆಳಕು ಹರದ ಮ್ಯಾಲೆ ಹೋದ್ರ ಕಾಟ ಕಡಿಮಿ. ಕಚ್ಚಿದ್ರ, ಸಣ್ಣ ಗೀರು ಇದ್ರೂ, ಸಾಬೂನು ಹಚ್ಚಿ ಹರಿಯೂ ನೀರಾಗ 15 ನಿಮಿಷ ತೊಳದು ಅವತ್ತ ಲಸಿಕಿ ಹಾಕಿಸ್ರಿ.

ಮಳಿಯೊಳಗ ಬೂಟು ತೊಯ್ದ್ರ ಒಳಗ ಹಳೇ ಪೇಪರ್ ತುರುಕಿ ನೆರಳಾಗ ಇಡ್ರಿ, ಎರಡು ತಾಸಿಗೊಮ್ಮೆ ಪೇಪರ್ ಬದಲ ಮಾಡ್ರಿ. ಒಲಿ ಹತ್ತರ, ಕಡು ಬಿಸಿಲಿಗೆ ಇಟ್ಟರ ಅಡಿ ಕಿತ್ತು ಬರತೈತಿ. ನಾಳೆ ಮುಂಜಾನಿ ಏಳಕ್ಕ ಕೆಲಗೇರಿ ಕಡೆ ಬರೂದಿದ್ರ ಹೇಳ್ರಿ ಸರ, ಅಲ್ಲಿ ನಡಿಯೂ ಮಂದಿ ಇರತಾರ, ನಿಮ್ಮ 10 ನಿಮಿಷಕ್ಕ ಜೋಡಿ ಸಿಗತೈತಿ.